ಮಗಳಿಗೆ ಮೊದಲ ಗಿಟಾರ್: 10 ಸಾವಿರದೊಳಗೆ ಫುಲ್ ಸೈಜ್ ಅಕೌಸ್ಟಿಕ್ ಯಾವುದು ತಗೋಬೇಕು? (ಕಲಬುರಗಿ)

ಶಹಾಬಜಾರ್ ಅಕ್ಕ

ಎಲ್ಲರಿಗೂ ನಮಸ್ಕಾರ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿದೆ. ಪರೀಕ್ಷೆ ಆದ ಮೇಲೆ ಗಿಟಾರ್ ಕೊಡಿಸುತ್ತೇವೆ ಎಂದು ಮಾತು ಕೊಟ್ಟಿದ್ದೆವು. ವರ್ಷದಿಂದ ಗೆಳತಿಯ ಗಿಟಾರ್ ತಂದು ಕಲಿಯುತ್ತಿದ್ದಾಳೆ, ಆಸೆ ಸುಮ್ನೆ ಬಂದು ಹೋಗುವಂಥದ್ದಲ್ಲ. ಈ ಸಲ ತೊಗರಿ ದುಡ್ಡೂ ಕೈಗೆ ಬಂದಿದೆ. ಅವರ ಅಪ್ಪ, "ಒಂದೇ ಸಲ ತಗೊಳ್ಳೋಣ, ಆದರೆ ಸರಿಯಾದದ್ದು ತಗೊಳ್ಳೋಣ" ಎನ್ನುತ್ತಿದ್ದಾರೆ. ಬ್ಯಾಗು, ತಂತಿ ಎಲ್ಲಾ ಸೇರಿ 10 ಸಾವಿರ ದಾಟಬಾರದು.

ಸೂಪರ್ ಮಾರ್ಕೆಟ್ ಕಡೆ ಅಂಗಡಿಯಲ್ಲಿ ನೋಡಿ ಬಂದೆವು. ಒಂದು 38 ಇಂಚಿನದು, ನೀಲಿ ಬಣ್ಣ, ಒಂದು ಬದಿ ಕಟ್ ಮಾಡಿದ್ದು. ಬ್ಯಾಗು, ಬೆಲ್ಟು, ಪಿಕ್ಕು ಎಲ್ಲಾ ಸೇರಿ ಮೂರೂವರೆ ಸಾವಿರ. ಇನ್ನೊಂದು 41 ಇಂಚಿನ ಯಮಹಾ, ಅದರ ಬೆಲೆ ಎಂಟೂವರೆ ಹತ್ತಿರ. ಅಂಗಡಿಯವರು "ಹೊಸದಾಗಿ ಕಲಿಯುವವರಿಗೆ 38 ಸಾಕು, ಹುಡುಗಿಗೆ 41 ದೊಡ್ಡದಾಗುತ್ತದೆ" ಎಂದರು. ಮಗಳ ಎತ್ತರ 5 ಅಡಿ 2 ಇಂಚು. ನನ್ನ ತಮ್ಮ ಆನ್‌ಲೈನ್‌ನಲ್ಲಿ ತರಿಸು ಎನ್ನುತ್ತಾನೆ. ನಮ್ಮ ಮನೆಯಲ್ಲಿ ಯಾರಿಗೂ ಇದರ ಗಂಧ ಇಲ್ಲ. ಬಲ್ಲವರು ಹೇಳಿ.

ಆರು ತಂತಿ (ಸೇಡಂ ರಸ್ತೆ)

ಅಕ್ಕಾ, ಮೊದಲು ಸೈಜಿನ ವಿಷಯ. 15 ವರ್ಷದ, ಐದಡಿ ದಾಟಿದ ಹುಡುಗಿಗೆ ಫುಲ್ ಸೈಜ್ ದೊಡ್ಡದಾಗುವುದಿಲ್ಲ. ಈಗ ಚಿಕ್ಕದು ತಗೊಂಡರೆ ಎರಡು ವರ್ಷದಲ್ಲಿ ಮತ್ತೊಂದು ಬೇಕು ಎನ್ನುತ್ತಾಳೆ.

ಇನ್ನು ಈ 38, 41 ಎನ್ನುವ ಲೆಕ್ಕ ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ಕೈಗೆ ಮುಖ್ಯವಾಗುವುದು ಅದಲ್ಲ. ತಂತಿ ಮಿಡಿಯುವ ಭಾಗದ ಉದ್ದ ಎಷ್ಟು ಎಂಬುದು ಮುಖ್ಯ. ಅದಕ್ಕೆ ಸ್ಕೇಲ್ ಲೆಂತ್ ಎನ್ನುತ್ತಾರೆ. ಮೇಲೆ ತಂತಿ ಕೂರುವ ಬಿಳಿ ಪಟ್ಟಿ ಇದೆಯಲ್ಲ, ಅದು ನಟ್. ಅಲ್ಲಿಂದ ಕೆಳಗೆ ಗಿಟಾರ್‌ನ ಕತ್ತಿನ (ನೆಕ್) ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ನಟ್‌ನಿಂದ 12ನೇ ಫ್ರೆಟ್‌ವರೆಗೆ ಟೇಪ್ ಹಿಡಿಯಿರಿ. ಬಂದದ್ದನ್ನು ಎರಡರಿಂದ ಗುಣಿಸಿ. ಫುಲ್ ಸೈಜ್ ಗಿಟಾರ್‌ನಲ್ಲಿ ಇದು ಸಾಮಾನ್ಯವಾಗಿ 63ರಿಂದ 65 ಸೆಂಟಿಮೀಟರ್. ಯಮಹಾ ಎಫ್310ಗೆ 634 ಮಿಲಿಮೀಟರ್, ಅವರದೇ ಎಫ್‌ಜಿ800ಗೆ 650. ಈ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಸಣ್ಣದು ಅನ್ನಿಸಬಹುದು, ಆದರೆ ಕಿರುಬೆರಳು ಚಾಚುವಾಗ ಗೊತ್ತಾಗುತ್ತದೆ. 634 ನಿಮ್ಮ ಮಗಳಿಗೆ ಹಿತವಾಗಿಯೇ ಇರುತ್ತದೆ.

ದೊಡ್ಡದು ಅನ್ನಿಸುವುದು ಉದ್ದದಿಂದಲ್ಲ, ಹೊಟ್ಟೆಯಿಂದ. 41 ಇಂಚಿನ ಅಗಲ ಹೊಟ್ಟೆಯ ಆಕಾರಕ್ಕೆ ಡ್ರೆಡ್‌ನಾಟ್ ಅಂತ ಹೆಸರು. ಅದು ಬಲಗೈಯನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತದೆ. ಮಗಳನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಕೂರಿಸಿ, ತೊಡೆಯ ಮೇಲೆ ಇಟ್ಟು ನೋಡಿ. ಬಲಭುಜ ಎತ್ತಿದ ಹಾಗೆ ಕಂಡರೆ ಅದೇ ಉದ್ದದ, ಸೊಂಟ ಸಣ್ಣಗಿರುವ ಕಾನ್ಸರ್ಟ್ ಆಕಾರದ್ದು ಕೇಳಿ.

ಬೀದರ್ ಕಾಯರ್

ನಮ್ಮ ಚರ್ಚ್‌ನಲ್ಲಿ ಭಾನುವಾರದ ಆರಾಧನೆಗೆ ಗಿಟಾರ್ ನುಡಿಸುವ ಹುಡುಗ ಹುಡುಗಿಯರನ್ನು ನಾನೇ ತಯಾರು ಮಾಡುವುದು. ಆ ಅನುಭವದಿಂದ ಒಂದು ಮಾತು ಹೇಳುತ್ತೇನೆ ಅಕ್ಕಾ. ಮಕ್ಕಳು ಗಿಟಾರ್ ಬಿಡುವುದು ಆಸೆ ಇಲ್ಲದೇ ಅಲ್ಲ. ಕೈಗೆ ಸಿಕ್ಕಿದ ಗಿಟಾರ್ ಅವರನ್ನು ಬಿಡಿಸುತ್ತದೆ. ತಂತಿ ಎತ್ತರ ಇರುತ್ತದೆ, ಒತ್ತಿ ಒತ್ತಿ ಬೆರಳು ಉರಿಯುತ್ತದೆ. ಶ್ರುತಿ ನಿಲ್ಲುವುದಿಲ್ಲ. ಸರಿಯಾಗಿ ಹಿಡಿದರೂ ಕಾರ್ಡ್ (ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಅಪಸ್ವರ ಬರುತ್ತದೆ. ಮಗು "ನನ್ನ ಕೈಯಲ್ಲಿ ಆಗುವುದಿಲ್ಲ" ಎಂದುಕೊಳ್ಳುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಬಹಳ ಸಂಕಟ ಆಗುತ್ತದೆ.

ಹಾಗಾಗಿ ಬ್ರಾಂಡ್ ಕೇಳುವ ಮೊದಲು ತಂತಿಯ ಎತ್ತರ ನೋಡಿ. ಅದಕ್ಕೆ ಆ್ಯಕ್ಷನ್ ಎನ್ನುತ್ತಾರೆ. 12ನೇ ಫ್ರೆಟ್ ಹತ್ತಿರ ದಪ್ಪ ತಂತಿಗೂ ಫ್ರೆಟ್‌ನ ಲೋಹದ ಪಟ್ಟಿಗೂ ನಡುವೆ ಎರಡೂವರೆ ಮಿಲಿಮೀಟರ್ ಹತ್ತಿರ ಇರಬೇಕು. ತೆಳು ತಂತಿಗೆ 2. ಅಂಗಡಿಯಲ್ಲಿ ಅಳೆಯುವುದು ಹೇಗೆ ಅಂದರೆ ಎಟಿಎಂ ಕಾರ್ಡ್ ಇದೆಯಲ್ಲ. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್. ಅಂಕಿ ಎಬ್ಬಿಸದ, ನುಣುಪಾದ ಕಾರ್ಡುಗಳು ಮೂರು ಒಟ್ಟಿಗೆ ಹಿಡಿದು 12ನೇ ಫ್ರೆಟ್ ಮೇಲೆ, ದಪ್ಪ ತಂತಿಯ ಕೆಳಗೆ ತೂರಿಸಿ. ಮೂರು ಸರಿಯಾಗಿ ಕೂತರೆ ಚೆನ್ನ. ಐದು ಆರಾಮವಾಗಿ ಹೋದರೆ ಆ ಪೀಸ್ ಬೇಡ, ಅಥವಾ ಸರಿ ಮಾಡಿಸಿ ಕೊಡಿ ಅನ್ನಿ.

ಹಾಸ್ಟೆಲ್ ಹುಡುಗ

ಅಕ್ಕಾ, ಆರೇಳು ಸಾವಿರಕ್ಕೆ ಪಿಕಪ್ (ದನಿಯನ್ನು ಸ್ಪೀಕರ್‌ಗೆ ಕಳಿಸುವ ಸಾಧನ) ಇರುವ ಗಿಟಾರ್ ಸಿಗುತ್ತದೆ. ಪಕ್ಕದಲ್ಲಿ ಟ್ಯೂನರ್ ಕೂಡ ಇರುತ್ತದೆ. ಕಾಲೇಜಿಗೆ ಹೋದ ಮೇಲೆ ಸ್ಟೇಜ್‌ಗೆ ಬೇಕಾಗುತ್ತದೆ ಅಲ್ವಾ? ಕಟ್ಅವೇ, ಅಂದರೆ ಹೊಟ್ಟೆಯ ಒಂದು ಬದಿ ಕಟ್ ಮಾಡಿದ್ದು, ಇದ್ದರೆ ಕೆಳಗಿನ ಫ್ರೆಟ್ ಕೂಡ ಕೈಗೆ ಸಿಗುತ್ತದೆ. ನಾನು ಅಂಥದ್ದೇ ನುಡಿಸುವುದು.

ಆರು ತಂತಿ (ಸೇಡಂ ರಸ್ತೆ)

ತಮ್ಮಾ, ನಿನಗೆ ಸ್ಟೇಜ್ ಇದೆ, ನಿನಗೆ ಸರಿ. ಮೊದಲ ಎರಡು ವರ್ಷ ಕಲಿಯುವವರ ಕೈ 5ನೇ ಫ್ರೆಟ್ ದಾಟುವುದೇ ಅಪರೂಪ, ಕಟ್ಅವೇ ಅವರಿಗೆ ಬೇಕಾಗುವುದಿಲ್ಲ. ಆರೇಳು ಸಾವಿರದ ಗಿಟಾರ್‌ನಲ್ಲಿ ಬ್ಯಾಟರಿ, ಪಿಕಪ್, ಬಟನ್ನು, ಬಣ್ಣ ಎಲ್ಲಾ ಕೊಡಬೇಕೆಂದರೆ ಆ ದುಡ್ಡು ಎಲ್ಲಿಂದ ಬರಬೇಕು? ಟ್ಯೂನಿಂಗ್ ಕೀ, ಫ್ರೆಟ್ ಕೆಲಸ, ಮರ, ಇವುಗಳಿಂದಲೇ ಕತ್ತರಿಸುತ್ತಾರೆ. ಟ್ಯೂನರ್ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಮುಂದೆ ಸ್ಟೇಜ್ ಬಂದರೆ ಹೊಟ್ಟೆಯ ತೂತಿಗೆ ಸಿಕ್ಕಿಸುವ ಪಿಕಪ್ ಬೇರೆ ಸಿಗುತ್ತದೆ, ಅಥವಾ ಮೈಕ್ ಹಿಡಿದರೂ ನಡೆಯುತ್ತದೆ. ಈ ಬಜೆಟ್‌ನಲ್ಲಿ ಎಲ್ಲ ದುಡ್ಡೂ ಮರಕ್ಕೆ ಮತ್ತು ತಂತಿಗೆ ಹೋಗಲಿ. ನನ್ನ ಅಭಿಪ್ರಾಯ ಇದರಲ್ಲಿ ಗಟ್ಟಿ.

ಹಾರ್ಮೋನಿಯಂ ಕಾಕಾ (ಕಮಲಾಪುರ)

ತಂಗಿ, ಬೇರೆ ಮಾತು ಹೇಳುತ್ತೇನೆ ಅಂತ ಬೇಸರ ಮಾಡಿಕೊಳ್ಳಬೇಡ. ನಮ್ಮ ಕಡೆ ಭಜನೆ, ತತ್ವಪದ, ವಚನ ಹಾಡುವ ಮನೆಗಳು ಬಹಳ. ಮಗು ಹಾಡುತ್ತದೆಯಾ? ಹಾಡುವುದಾದರೆ ಹಾರ್ಮೋನಿಯಂ ಕೊಡಿಸು. ಶ್ರುತಿ ಮಾಡುವ ತೊಂದರೆ ಇಲ್ಲ, ಕಲಿಸುವವರು ಓಣಿಗೊಬ್ಬರು ಇದ್ದಾರೆ. ಗಿಟಾರ್‌ನಲ್ಲಿ ಶ್ರುತಿ ದಿನಾ ಇಳಿಯುತ್ತದೆ ಅಂತ ಕೇಳಿದ್ದೇನೆ. ಮಕ್ಕಳ ಕಿವಿ ಕೆಡಬಾರದು.

ಕಲಿಸುವ ಟೀಚರ್ (ಕಲಬುರಗಿ)

ಕಾಕಾ ಹೇಳಿದ್ದರಲ್ಲಿ ಕಿವಿ ಕೆಡಬಾರದು ಎನ್ನುವ ಮಾತು ನೂರಕ್ಕೆ ನೂರು ಸರಿ. ಆದರೆ ಗಿಟಾರ್ ಅದನ್ನು ಕೆಡಿಸುವುದಿಲ್ಲ. ದಿನಾ ನುಡಿಸುವ ಮೊದಲು ಆರು ತಂತಿ ಶ್ರುತಿ ಮಾಡಿಕೊಳ್ಳಲೇಬೇಕು. ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಆರು ತಿಂಗಳಲ್ಲಿ ಮಕ್ಕಳು ಫೋನ್ ನೋಡದೇ "ಟೀಚರ್, ಬಿ ತಂತಿ ಇಳಿದಿದೆ" ಎನ್ನುತ್ತಾರೆ. ಶ್ರುತಿ ಮಾಡುತ್ತಾ ಮಾಡುತ್ತಾ ಕಿವಿ ಬೆಳೆಯುತ್ತದೆ.

ಹಾಡುವವರಿಗೆ ಗಿಟಾರ್ ಎಷ್ಟು ಒಳ್ಳೆಯ ಜೊತೆ ಎಂಬುದನ್ನು ಹಾರ್ಮೋನಿಯಂ ಲೆಕ್ಕದಲ್ಲೇ ಹೇಳುತ್ತೇನೆ ಕಾಕಾ. ಕೇಪೋ ಅಂತ ಒಂದು ಕ್ಲಿಪ್ ಬರುತ್ತದೆ, ತಂತಿಗಳ ಮೇಲೆ ಅಡ್ಡ ಹಾಕುವುದು. ಹುಡುಗಿಗೆ ಸಿ ಕಾರ್ಡ್ ಬರುತ್ತದೆ ಎಂದುಕೊಳ್ಳಿ, ಅದು ನಿಮ್ಮ ಬಿಳಿ ಒಂದು. ಮೊದಲ ಫ್ರೆಟ್‌ಗೆ ಕೇಪೋ ಹಾಕಿದರೆ ಅದೇ ಬೆರಳು, ಅದೇ ಆಕಾರ, ಶ್ರುತಿ ಕರಿ ಒಂದು. 3ನೇ ಫ್ರೆಟ್‌ಗೆ ಹಾಕಿದರೆ ಕರಿ ಎರಡು. ಜಿ ಕಾರ್ಡ್ ಹಿಡಿದು ಮೊದಲ ಫ್ರೆಟ್‌ಗೆ ಹಾಕಿದರೆ ಕರಿ ನಾಲ್ಕು, 3ನೇದಕ್ಕೆ ಹಾಕಿದರೆ ಕರಿ ಐದು. ಹೆಣ್ಣುಮಕ್ಕಳ ದನಿಗೆ ಬೇಕಾದ ಶ್ರುತಿ ಹೀಗೆ ಸುಲಭವಾಗಿ ಸಿಗುತ್ತದೆ. ನನ್ನ ಹತ್ತಿರ ವಚನಕ್ಕೆ, ಭಾವಗೀತೆಗೆ ಗಿಟಾರ್ ಹಿಡಿಯುವ ಮಕ್ಕಳಿದ್ದಾರೆ.

ಮೀಂಡ್, ಗಮಕ ಎಲ್ಲಾ ಫ್ರೆಟ್ ಇರುವ ಗಿಟಾರ್‌ನಲ್ಲಿ ಪೂರ್ತಿ ಬರುವುದಿಲ್ಲ ಎಂಬುದು ನಿಜ. ಹಾರ್ಮೋನಿಯಂನಲ್ಲೂ ಬರುವುದಿಲ್ಲವಲ್ಲ. ಅದು ದನಿಯ ಕೆಲಸ, ದನಿ ಮಾಡುತ್ತದೆ.

ಶಹಾಬಜಾರ್ ಅಕ್ಕಾ, ಅಂಗಡಿಯಲ್ಲಿ ನೈಲಾನ್ ತಂತಿಯ ಗಿಟಾರ್ ಕೂಡ ತೋರಿಸಬಹುದು. ಅದಕ್ಕೆ ಕ್ಲಾಸಿಕಲ್ ಗಿಟಾರ್ ಎನ್ನುತ್ತಾರೆ. ಬೆರಳಿಗೆ ಮೆತ್ತಗಿರುತ್ತದೆ, ಆದರೆ ನೆಕ್ ಅಗಲ. ಮಗಳು ಹಾಡಿಗೆ ಕಾರ್ಡ್ ಹೊಡೆಯುವವಳಾದರೆ ಸ್ಟೀಲ್ ತಂತಿಯದೇ ಸರಿ. ಒಂದು ಎಚ್ಚರಿಕೆ ಮಾತ್ರ ನೆನಪಿಡಿ. ನೈಲಾನ್ ಗಿಟಾರ್‌ಗೆ ಯಾವತ್ತೂ ಸ್ಟೀಲ್ ತಂತಿ ಹಾಕಬಾರದು. 12-53 ಅಳತೆಯ (ತೆಳು ತಂತಿಯ ಮತ್ತು ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಒಂದು ಸೆಟ್ ಸ್ಟೀಲ್ ತಂತಿ ಒಟ್ಟು 70 ಕೆಜಿಗಿಂತ ಜಾಸ್ತಿ ಎಳೆಯುತ್ತದೆ. ನೈಲಾನ್‌ಗಾಗಿ ಮಾಡಿದ ಮರ ಅದನ್ನು ತಡೆಯುವುದಿಲ್ಲ, ಬ್ರಿಡ್ಜ್, ಅಂದರೆ ಹೊಟ್ಟೆಯ ಮೇಲೆ ತಂತಿ ಕಟ್ಟುವ ಮರದ ಪಟ್ಟಿ, ಕಿತ್ತು ಬರುತ್ತದೆ.

ಹಾರ್ಮೋನಿಯಂ ಕಾಕಾ (ಕಮಲಾಪುರ)

ಕರಿ ನಾಲ್ಕು ಅಷ್ಟು ಸುಲಭವಾಗಿ ಸಿಗುತ್ತದೆ ಅಂತ ನನಗೆ ತಿಳಿದಿರಲಿಲ್ಲ ತಾಯಿ. ಹಾಗಾದರೆ ಕೊಡಿಸಲಿ. ಮಗು ಹಾಡುವುದನ್ನು ಬಿಡದೇ ಇದ್ದರೆ ಸಾಕು.

ಸೇಡಂ ಟು ಹೈದರಾಬಾದ್

ನಾನು ಸೇಡಂನವನು, ಕೆಲಸ ಹೈದರಾಬಾದ್‌ನಲ್ಲಿ. ಅಲ್ಲಿ ದೊಡ್ಡ ಅಂಗಡಿಗಳಲ್ಲಿ ಹತ್ತಾರು ಗಿಟಾರ್ ಸಾಲಾಗಿ ತೂಗು ಹಾಕಿರುತ್ತಾರೆ, ಕೂತು ನುಡಿಸಿ ನೋಡಬಹುದು. ಹಾಗೆ ನೋಡಿದ್ದರ ಮೇಲೆ ಹೇಳುತ್ತೇನೆ.

10 ಸಾವಿರದ ಒಳಗೆ ಯಮಹಾ ಎಫ್280 ಕಣ್ಣು ಮುಚ್ಚಿ ನೋಡಬಹುದಾದ ಮಾದರಿ. ಸರಳ, ಅಲಂಕಾರ ಇಲ್ಲ, ಪೀಸ್‌ನಿಂದ ಪೀಸ್‌ಗೆ ವ್ಯತ್ಯಾಸ ಕಡಿಮೆ. ಎಫ್310 ಅದಕ್ಕಿಂತ ಸ್ವಲ್ಪ ಮೇಲೆ. ಕೊರಿಯಾದ ಕೋರ್ಟ್ ಕಂಪನಿಯ ಎಡಿ810 ಕೂಡ ಈ ಸಾಲಿನದೇ, ಅದರ ನೆಕ್ ನನಗೆ ಇನ್ನೂ ಇಷ್ಟ. ಕೋಲ್ಕತ್ತಾದಲ್ಲಿ ತಯಾರಾಗುವ ಗಿವ್ಸನ್, ಹಾಬ್ನರ್ ಎಲ್ಲಾ ನಮ್ಮ ಕಡೆ ಅಂಗಡಿಗಳಲ್ಲಿ ಹಿಂದಿನಿಂದಲೂ ಸಿಗುತ್ತವೆ. ಅವುಗಳಲ್ಲಿ ಒಂದು ಪೀಸ್ ಚೆನ್ನಾಗಿರುತ್ತದೆ, ಪಕ್ಕದ್ದು ಇರುವುದಿಲ್ಲ. ಆರಿಸಲು ಗೊತ್ತಿರುವವರು ಜೊತೆಗಿದ್ದರೆ ಮಾತ್ರ ಕೈ ಹಾಕಿ.

ಇನ್ನೊಂದು. ಸ್ವಲ್ಪ ದುಡ್ಡು ಜಾಸ್ತಿ ಹಾಕಿ ಸಾಲಿಡ್ ಟಾಪ್ ತಗೊಳ್ಳಬಹುದಾ ಯೋಚಿಸಿ. ಯಮಹಾ ಎಫ್‌ಜಿ800, ಫೆಂಡರ್ ಸಿಡಿ-60ಎಸ್ ಅಂಥವು. ಮುಂಭಾಗ ಒಂದೇ ಹಲಗೆಯ ಮರ, ದನಿ ತುಂಬಿ ಬರುತ್ತದೆ, ನುಡಿಸಿದಷ್ಟೂ ಮಾಗುತ್ತದೆ. ಬಜೆಟ್ ಮಾತ್ರ ಬಹಳ ಮೇಲೆ ಹೋಗುತ್ತದೆ.

ಆರು ತಂತಿ (ಸೇಡಂ ರಸ್ತೆ)

ಅಣ್ಣಾ, ಸಾಲಿಡ್ ಟಾಪ್ ದನಿ ಚೆನ್ನ, ಒಪ್ಪುತ್ತೇನೆ. ಆದರೆ ಕಲಬುರಗಿಯಲ್ಲಿ ಮೊದಲ ಗಿಟಾರ್‌ಗೆ ಅದು ಬೇಡ ಎನ್ನುತ್ತೇನೆ, ದುಡ್ಡು ಇದ್ದರೂ ಕೂಡ. ಕಾರಣ ಇಲ್ಲಿನ ಬಿಸಿಲು. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಗಿಟಾರ್ ಬಗ್ಗೆ ಸಿಗುವ ಸಲಹೆಗಳಲ್ಲಿ ನಮ್ಮ ಊರಿನ ಹವೆಯ ಮಾತು ಯಾರೂ ಎತ್ತುವುದಿಲ್ಲ.

ಗಿಟಾರ್‌ಗೆ ಗಾಳಿಯಲ್ಲಿ ತೇವ ಶೇಕಡಾ 45ರಿಂದ 55 ಇದ್ದರೆ ಹಿತ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿಗೆ ಹೋಗುತ್ತದೆ, ಮಧ್ಯಾಹ್ನದ ಗಾಳಿಯಲ್ಲಿ ತೇವ ಅದರ ಅರ್ಧವೂ ಇರುವುದಿಲ್ಲ. ಮರ ಒಣಗುತ್ತದೆ. ಒಣಗಿದ ಮರ ಅಗಲದಲ್ಲಿ ಕುಗ್ಗುತ್ತದೆ. ಆದರೆ ಫ್ರೆಟ್‌ನ ಲೋಹ ಕುಗ್ಗುವುದಿಲ್ಲ. ಹಾಗಾಗಿ ನೆಕ್ ಅಂಚಿನಲ್ಲಿ ಫ್ರೆಟ್ ತುದಿಗಳು ಹೊರಗೆ ಬಂದು ಕೈಗೆ ಚುಚ್ಚುತ್ತವೆ. ಮುಂಭಾಗದ ಹಲಗೆ ಒಳಗೆ ಕುಸಿಯುತ್ತದೆ, ಆಗ ತಂತಿ ಫ್ರೆಟ್‌ಗೆ ತಾಗಿ ಜೀಂಯ್ ಎನ್ನುತ್ತದೆ. ಜೂನ್ ಕಳೆದು ಮಳೆ ಹಿಡಿದರೆ ಇದೆಲ್ಲ ಉಲ್ಟಾ. ಮರ ತೇವ ಕುಡಿದು ಉಬ್ಬುತ್ತದೆ, ತಂತಿ ಎತ್ತರ ಆಗುತ್ತದೆ.

ಒಂದೇ ಹಲಗೆಯ ಮರಕ್ಕೆ ಈ ಎಳೆದಾಟ ಜಾಸ್ತಿ. ಸೀಳು ಬಿಡುವುದೂ ಉಂಟು. ಎಫ್280, ಎಡಿ810ನಂಥ ಲ್ಯಾಮಿನೇಟ್‌ನಲ್ಲಿ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿರುತ್ತಾರೆ. ಒಂದು ಪದರ ಕುಗ್ಗಲು ಹೋದರೆ ಇನ್ನೊಂದು ಹಿಡಿದುಕೊಳ್ಳುತ್ತದೆ. ದನಿ ಸ್ವಲ್ಪ ಕಡಿಮೆ, ಆದರೆ ನಮ್ಮ ಬೇಸಿಗೆಯಲ್ಲಿ ಬದುಕುತ್ತದೆ. ಹದಿಹರೆಯದ ಮಕ್ಕಳ ಕೈಯಲ್ಲಿ ಇರುವ ಗಿಟಾರ್‌ಗೆ ಬದುಕುವುದೇ ಮೊದಲ ಗುಣ.

ಲ್ಯಾಮಿನೇಟ್ ಆದರೂ ಕೆಲವು ವಿಷಯ ನೋಡಿಕೊಳ್ಳಬೇಕು. ತಗಡಿನ ಚಾವಣಿಯ ಕೋಣೆಯಲ್ಲಿ ಇಡಬೇಡಿ. ಪಡುವಣ ಬಿಸಿಲು ಹೊಡೆಯುವ ಗೋಡೆಗೆ ತೂಗು ಹಾಕಬೇಡಿ. ಕಾರಿನಲ್ಲಿ ಬಿಟ್ಟು ಮದುವೆ ಊಟಕ್ಕೆ ಹೋಗಬೇಡಿ, ಮುಚ್ಚಿದ ಕಾರಿನ ಒಳಗೆ 60 ಡಿಗ್ರಿ ದಾಟಬಹುದು, ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತದೆ. ಕೂಲರ್ ಎದುರು ನೇರವಾಗಿ ಇಡುವುದೂ ತಪ್ಪು. ನೀರಿನ ಕೂಲರ್ ಗಾಳಿಗೆ ತೇವ ತುಂಬುತ್ತದೆ, ಆಫ್ ಮಾಡಿದ ಕೂಡಲೇ ಮತ್ತೆ ಒಣ. ಕೂಲರ್ ಇರುವ ಕೋಣೆಯಲ್ಲೇ, ಗಾಳಿ ನೇರ ಬಡಿಯದ ಮೂಲೆಯಲ್ಲಿ, ಬ್ಯಾಗಿನ ಒಳಗೆ ಇಟ್ಟರೆ ನಮ್ಮ ಊರಿನಲ್ಲಿ ಅದೇ ಒಳ್ಳೆಯ ಜಾಗ. ಬೇಸಿಗೆಯಲ್ಲಿ ಸೋಪಿನ ಡಬ್ಬಿಗೆ ತೂತು ಮಾಡಿ, ಒದ್ದೆ ಸ್ಪಂಜನ್ನು ಚೆನ್ನಾಗಿ ಹಿಂಡಿ ಅದರಲ್ಲಿ ಹಾಕಿ, ಬ್ಯಾಗಿನಲ್ಲಿ ಗಿಟಾರ್ ತಲೆಯ ಕಡೆ ಇಡಿ. ನೀರು ತೊಟ್ಟಿಕ್ಕಬಾರದು, ಅಷ್ಟೇ.

ಹಾಗೆಯೇ ಗೋಡೆಗೆ ಒರಗಿಸಿ ಇಡುವ ಅಭ್ಯಾಸ ಬೇಡವೇ ಬೇಡ. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ನುಣುಪು. ಬುಡ ಜಾರಿ ಮಕಾಡೆ ಬಿದ್ದರೆ ತಲೆ ಸೇರುವ ಜಾಗದಲ್ಲೇ ಮುರಿಯುತ್ತದೆ. ನನ್ನ ಹತ್ತಿರ ರಿಪೇರಿಗೆ ಬರುವವುಗಳಲ್ಲಿ ಇಂಥವು ಬಹಳ.

ಸುರಪುರದ ಅಪ್ಪ

ನನ್ನ ಮಗನಿಗೆ 10 ವರ್ಷ. ಅವನಿಗೂ 41 ಇಂಚಿನದೇ ತಗೊಂಡರೆ ದೊಡ್ಡವನಾದ ಮೇಲೂ ಬರುತ್ತದೆ ಅಂತ ಯೋಚನೆ. ಸರಿಯಾ?

ಕಲಿಸುವ ಟೀಚರ್ (ಕಲಬುರಗಿ)

ಬೇಡ ಅಣ್ಣಾ. 10 ವರ್ಷಕ್ಕೆ ಮುಕ್ಕಾಲು ಸೈಜಿನದು ಕೊಡಿಸಿ, 36 ಇಂಚಿನ ಆಸುಪಾಸು. ನೈಲಾನ್ ತಂತಿ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡದನ್ನು ಹಿಡಿಯಲು ಹೋಗಿ ಮಣಿಕಟ್ಟು ಸೊಟ್ಟ ಮಾಡುವುದು ಅಭ್ಯಾಸವಾದರೆ ಬಿಡಿಸುವುದು ಕಷ್ಟ. ಎರಡು ಮೂರು ವರ್ಷ ಕಳೆದ ಮೇಲೆ ಅದನ್ನು ಮಾರಬಹುದು, ಚಿಕ್ಕ ಗಿಟಾರ್ ಕೇಳುವವರು ಯಾವಾಗಲೂ ಇರುತ್ತಾರೆ.

ಶಹಾಬಜಾರ್ ಅಕ್ಕ

ಎಷ್ಟು ಕಾಳಜಿಯಿಂದ ಬರೆದಿದ್ದೀರಿ ಎಲ್ಲರೂ. ಮಗಳು ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಾಳೆ. ಅವಳು ಹಾಡುತ್ತಾಳೆ ಕಾಕಾ, ಶಾಲೆಯಲ್ಲಿ ಪ್ರಾರ್ಥನೆ ಅವಳದೇ. ಎರಡು ಪ್ರಶ್ನೆ ಉಳಿದಿವೆ. ಹಳೆಯ ಗಿಟಾರ್ ತಗೊಂಡರೆ ಹೇಗೆ? ಪರಿಚಯದವರ ಮಗ ಬೆಂಗಳೂರಿನಲ್ಲಿ ಓದು ಮುಗಿಸಿದ್ದಾನೆ, ಅವನ ಎಫ್310 ಇದೆ, ಐದು ಸಾವಿರ ಹೇಳುತ್ತಿದ್ದಾರೆ. ಮತ್ತೆ ಆನ್‌ಲೈನ್ ಬಗ್ಗೆ ಯಾರೂ ಹೇಳಲಿಲ್ಲ.

ಬೀದರ್ ಕಾಯರ್

ಒಳ್ಳೆಯ ಸ್ಥಿತಿಯಲ್ಲಿದ್ದರೆ ಐದಕ್ಕೆ ಎಫ್310 ಬಿಡಬೇಡಿ ಅಕ್ಕಾ. ಹೊಸದರ ಬೆಲೆಯ ಅರ್ಧಕ್ಕೆ ಹೆಚ್ಚುಕಡಿಮೆ ಅದೇ ಗಿಟಾರ್. ಆದರೆ ನೋಡದೇ ದುಡ್ಡು ಕೊಡಬೇಡಿ. ಬ್ರಿಡ್ಜ್ ಹಿಂಭಾಗದಲ್ಲಿ ತೆಳು ಕಾಗದ ತೂರಿಸಿ. ಒಳಗೆ ಹೋದರೆ ಅಂಟು ಬಿಟ್ಟಿದೆ ಎಂದರ್ಥ. ಬ್ರಿಡ್ಜ್ ಹಿಂದೆ ಹಲಗೆ ಹೊಟ್ಟೆ ಬಂದ ಹಾಗೆ ಉಬ್ಬಿದೆಯಾ ಬದಿಯಿಂದ ನೋಡಿ. ಸ್ವಲ್ಪ ಉಬ್ಬು ಇರುತ್ತದೆ, ಎದ್ದು ಕಾಣುವಷ್ಟು ಇರಬಾರದು. ಫ್ರೆಟ್‌ಗಳಲ್ಲಿ ತಂತಿ ಕೊರೆದ ಆಳವಾದ ಗುಳಿ ಇದೆಯಾ ನೋಡಿ. ತಲೆ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕು ಇದ್ದರೂ ಬೇಡ.

ಆನ್‌ಲೈನ್ ನಾನು ಬೇಡ ಎನ್ನುವುದಿಲ್ಲ, ಬೀದರ್‌ನಲ್ಲಿ ನಮಗೆ ಎಷ್ಟೋ ಸಲ ಅದೇ ದಾರಿ. ವಾಪಸ್ ಕೊಡುವ ಸೌಲಭ್ಯ ಇದೆಯಾ ಓದಿಕೊಳ್ಳಿ. ಡಬ್ಬಿ ಬಿಚ್ಚುವಾಗ ಮೊದಲಿನಿಂದ ಕೊನೆವರೆಗೆ ವಿಡಿಯೋ ಮಾಡಿ. ಬಂದ ದಿನವೇ ಎಟಿಎಂ ಕಾರ್ಡ್ ಇಟ್ಟು ಅಳೆಯಿರಿ. ಆದರೂ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ತಗೊಳ್ಳುವ ಅವಕಾಶ ಇರುವಾಗ ಐದುನೂರು ಜಾಸ್ತಿಯಾದರೂ ಅಂಗಡಿಯೇ ವಾಸಿ.

ಆರು ತಂತಿ (ಸೇಡಂ ರಸ್ತೆ)

ಹೊಸದಾಗಲಿ ಹಳೆಯದಾಗಲಿ, ನುಡಿಸಲು ಬಾರದವರೂ ಮಾಡಬಹುದಾದ ಮೂರು ಪರೀಕ್ಷೆ ಹೇಳುತ್ತೇನೆ, ಮಗಳು ಬರೆದುಕೊಳ್ಳಲಿ.

ಒಂದು, ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ಒಂದೊಂದೇ ಮೀಟಬೇಕು. ಐದು ನಿಮಿಷದ ಕೆಲಸ. ಎಲ್ಲಾದರೂ ಜೀಂಯ್ ಅಂದರೆ, ಅಥವಾ ದನಿ ಸತ್ತಂತೆ ಬಂದರೆ, ಆ ಫ್ರೆಟ್ ಎತ್ತರ ತಗ್ಗು ಆಗಿದೆ.

ಎರಡು, ಫೋನಿನ ಟ್ಯೂನರ್ ಆನ್ ಮಾಡಿ ಶ್ರುತಿ ಮಾಡಿದ ಮೇಲೆ, ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಬರಿ ತಂತಿಯ ಸ್ವರವೇ ಒಂದು ಸಪ್ತಕ ಮೇಲೆ ಬರಬೇಕು, ಮುಳ್ಳು ನಡುವೆಯೇ ನಿಲ್ಲಬೇಕು. ಬಹಳ ಆಚೀಚೆ ಹೋದರೆ ಆ ಗಿಟಾರ್ ಯಾವತ್ತೂ ಪೂರ್ತಿ ಶ್ರುತಿಗೆ ಬರುವುದಿಲ್ಲ. ಕಾಕಾ ಹೇಳಿದ ಕಿವಿ ಕೆಡಿಸುವ ಗಿಟಾರ್ ಇದೇ.

ಮೂರು, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ 14ನೇದರಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. 7ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ಹೋಗುವಷ್ಟು ಸಂದು ಇದ್ದರೆ ನೆಕ್ ನೇರ ಇದೆ. ಜಾಸ್ತಿ ಇದ್ದರೆ ನೆಕ್ ಬಾಗಿದೆ. ನೆಕ್ ಒಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ಇರುತ್ತದೆ, ಅದನ್ನು ಕಾಲು ಸುತ್ತು ತಿರುಗಿಸಿ ಸರಿ ಮಾಡಬಹುದು. ತೀರಾ ಅಗ್ಗದ ಕೆಲವು ಗಿಟಾರ್‌ಗಳಲ್ಲಿ ಈ ಸರಳನ್ನು ತಿರುಗಿಸಲು ಬರುವುದೇ ಇಲ್ಲ. ಹಾಗಾಗಿ ತಗೊಳ್ಳುವ ಮೊದಲೇ ಅಂಗಡಿಯವರಿಗೆ "ಟ್ರಸ್ ರಾಡ್ ಅಡ್ಜಸ್ಟ್ ಆಗುತ್ತದಾ?" ಅಂತ ಕೇಳಿ. ಟ್ರಸ್ ರಾಡ್ ಮನೆಯಲ್ಲಿ ತಿರುಗಿಸಬೇಡಿ, ಬಲ್ಲವರ ಕೈಗೆ ಕೊಡಿ.

ಬಜೆಟ್‌ನಲ್ಲಿ ಒಂದು ಸಾವಿರ ಸೆಟಪ್‌ಗೆ ಎತ್ತಿಡಿ. ಸೆಟಪ್ ಎಂದರೆ ತಂತಿಯ ಎತ್ತರ, ನೆಕ್, ನಟ್‌ನ ಗೀರು ಇವನ್ನೆಲ್ಲ ಆ ಗಿಟಾರ್‌ಗೆ ತಕ್ಕಂತೆ ಹೊಂದಿಸುವುದು. ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿಯನ್ನು (ಸ್ಯಾಡಲ್) ತೆಗೆದು ಅದರ ತಳ ಉಜ್ಜುತ್ತಾರೆ. 2 ಮಿಲಿಮೀಟರ್ ಉಜ್ಜಿದರೆ 12ನೇ ಫ್ರೆಟ್‌ನಲ್ಲಿ ತಂತಿ 1 ಮಿಲಿಮೀಟರ್ ಇಳಿಯುತ್ತದೆ. ಒಂದು ಸಲ ಜಾಸ್ತಿ ಉಜ್ಜಿದರೆ ಹೊಸ ಸ್ಯಾಡಲ್ಲೇ ಗತಿ, ಅದಕ್ಕೇ ಅವಸರ ಮಾಡಬಾರದು. ಎಂಟು ಸಾವಿರದ ಗಿಟಾರ್‌ಗೆ ಒಂದು ಸಾವಿರದ ಸೆಟಪ್ ಮಾಡಿಸಿದರೆ ಕೈಗೆ ಸಿಗುವ ಸುಖ, ಸೆಟಪ್ ಮಾಡಿಸದ ಹದಿನೈದು ಸಾವಿರದ ಗಿಟಾರ್‌ನಲ್ಲಿ ಸಿಗುವುದಿಲ್ಲ. ಹೊಸ ಚಪ್ಪಲಿ ಎಷ್ಟೇ ಬೆಲೆಯದಾದರೂ ಉಂಗುಷ್ಠ ಬಿಗಿಯಾಗಿದ್ದರೆ ನಡೆಯಲಾಗುವುದಿಲ್ಲ ಅಲ್ವಾ, ಹಾಗೆ.

ಹಾಸ್ಟೆಲ್ ಹುಡುಗ

ಈ ಪರೀಕ್ಷೆಗಳನ್ನು ಈಗ ನನ್ನ ಗಿಟಾರ್ ಮೇಲೆ ಮಾಡಿದೆ ಅಣ್ಣಾ. ನಾಲ್ಕು ಎಟಿಎಂ ಕಾರ್ಡ್ ಹೋಗುತ್ತಿದೆ. ಒಂದೇ ಬೆರಳಿನಿಂದ ಎಲ್ಲಾ ತಂತಿ ಒತ್ತುವ ಬಾರ್ ಕಾರ್ಡ್ ಯಾಕೆ ಕಷ್ಟ ಅಂತ ಈಗ ತಿಳಿಯಿತು. ರಜೆಗೆ ಬಂದಾಗ ತರುತ್ತೇನೆ.

ಶಹಾಬಜಾರ್ ಅಕ್ಕ

ಹೋಗಿ ಬಂದೆವು. ಮೊದಲು ಆ ಹಳೆಯ ಎಫ್310 ನೋಡಿದೆವು. ಬ್ರಿಡ್ಜ್ ಹಿಂದೆ ಕಾಗದ ಒಳಗೆ ಹೋಯಿತು, ಸುಮಾರು ಅರ್ಧ ಇಂಚು. ಅವರಿಗೂ ಗೊತ್ತಿರಲಿಲ್ಲ, ಬಿಸಿಲಿನ ಕೋಣೆಯ ಅಟ್ಟದ ಮೇಲೆ ಇಟ್ಟಿದ್ದರಂತೆ. ಬೇಡ ಎಂದೆವು.

ಆಮೇಲೆ ಅಂಗಡಿ. ಎಫ್280 ಎರಡು ಪೀಸ್ ಇದ್ದವು. ಮಗಳು ಎರಡನ್ನೂ ಕೂತು ಅಳೆದಳು. ಒಂದರಲ್ಲಿ ನಾಲ್ಕು ಎಟಿಎಂ ಕಾರ್ಡ್ ಸಲೀಸಾಗಿ ಹೋಯಿತು, ಇನ್ನೊಂದರಲ್ಲಿ ಮೂರು ಕೂತು ಸ್ವಲ್ಪ ಸಂದು ಉಳಿಯಿತು. ಅದೇ ಮಾದರಿ, ಅದೇ ಬೆಲೆ! ನೋಡದೇ ತಂದಿದ್ದರೆ ಮೊದಲನೆಯದೇ ಬರುತ್ತಿತ್ತು. ಅಂಗಡಿಯವರು ಒಳ್ಳೆಯವರು, ಎಲ್ಲಾ ಫ್ರೆಟ್ ಮೀಟಿ ನೋಡಲು ಬಿಟ್ಟರು. ತೊಡೆಯ ಮೇಲೆ ಇಟ್ಟಾಗ ಭುಜ ಎತ್ತಲಿಲ್ಲ. ಎರಡನೆಯದೇ ತಗೊಂಡೆವು. ದಪ್ಪ ಬ್ಯಾಗು, ಕೇಪೋ, ಒಂದು ಸೆಟ್ ತಂತಿ ಸೇರಿ ಹತ್ತರೊಳಗೇ ಮುಗಿಯಿತು. ಸೆಟಪ್‌ಗೆ ಮುಂದಿನ ತಿಂಗಳು ಎತ್ತಿಡುತ್ತೇನೆ.

ಈಗ ಅವಳ ಬೆರಳ ತುದಿ ಕೆಂಪಾಗಿದೆ. ಗೆಳತಿಯ ಗಿಟಾರ್‌ನಲ್ಲಿ ಇಷ್ಟು ಹೊತ್ತು ನುಡಿಸುತ್ತಿರಲಿಲ್ಲ. ಏನಾದರೂ ಹಚ್ಚಬೇಕಾ? ತಂತಿ ಎಷ್ಟು ದಿನಕ್ಕೆ ಬದಲಿಸಬೇಕು?

ಕಲಿಸುವ ಟೀಚರ್ (ಕಲಬುರಗಿ)

ಬಹಳ ಸಂತೋಷ ಆಯಿತು ಅಕ್ಕಾ. ಏನೂ ಹಚ್ಚಬೇಡಿ, ಚರ್ಮ ಮೆತ್ತಗಾದರೆ ನೋವು ಜಾಸ್ತಿ. ಸ್ನಾನ ಆದ ಕೂಡಲೇ ನುಡಿಸುವುದು ಬೇಡ. ಒಂದು ಗಂಟೆ ಒಂದೇ ಸಲ ಬೇಡ, ಹದಿನೈದು ನಿಮಿಷದಂತೆ ದಿನಕ್ಕೆ ಮೂರು ಸಲ ಸಾಕು. ಮೂರು ನಾಲ್ಕು ವಾರದಲ್ಲಿ ತುದಿ ಗಟ್ಟಿಯಾಗುತ್ತದೆ. ಫ್ರೆಟ್‌ಗೆ ಹತ್ತಿರ ಒತ್ತಲು ಹೇಳಿ, ಎರಡು ಫ್ರೆಟ್‌ಗಳ ನಟ್ಟನಡುವೆ ಒತ್ತಿದರೆ ಸುಮ್ನೆ ಬಲ ಜಾಸ್ತಿ ಬೇಕು. ತೀರಾ ನೋವಾದರೆ ಎಲ್ಲಾ ತಂತಿಗಳನ್ನೂ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಲಿ, ಮೊದಲ ಫ್ರೆಟ್‌ಗೆ ಕೇಪೋ ಹಾಕಲಿ. ಸ್ವರ ಅದೇ ಇರುತ್ತದೆ, ತಂತಿ ಮೆತ್ತಗಾಗುತ್ತದೆ.

ಈಗ ಇರುವ ತಂತಿ ಎರಡು ಮೂರು ತಿಂಗಳು ನಡೆಯಲಿ. ಬೇಸಿಗೆಯಲ್ಲಿ ಬೆವರಿಗೆ ಬೇಗ ಕಪ್ಪಾಗುತ್ತದೆ, ಹಾಗಾಗಿ ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸುವ ಅಭ್ಯಾಸ ಮಾಡಿಸಿ. ಬದಲಿಸುವಾಗ 11-52 ಅಳತೆಯದು ಹಾಕಿ, 12-53ಗಿಂತ ಬೆರಳಿಗೆ ಹಗುರ. ಕೊಂಡ ಸೆಟ್‌ನ ಪ್ಯಾಕೆಟ್ ಮೇಲೆ ಯಾವ ಅಂಕಿ ಇದೆ ನೋಡಿ ಹೇಳಿ.

ಶಹಾಬಜಾರ್ ಅಕ್ಕ

12-53 ಇದೆ.

ಆರು ತಂತಿ (ಸೇಡಂ ರಸ್ತೆ)

ಬಿಚ್ಚದೇ ಇದ್ದರೆ ಅಂಗಡಿಯಲ್ಲಿ ಬದಲಿಸಿಕೊಡುತ್ತಾರೆ ಅಕ್ಕಾ, 11-52 ಕೇಳಿ. ಸೆಟಪ್‌ಗೆ ತರುವಾಗ ಆ ಪ್ಯಾಕೆಟ್ಟೂ ತನ್ನಿ. ಯಾವ ತಂತಿ ಹಾಕುತ್ತೇವೋ ಅದರ ಎಳೆತಕ್ಕೆ ತಕ್ಕ ಹಾಗೆ ನೆಕ್ ಹೊಂದಿಸಬೇಕು, ಎರಡನ್ನೂ ಒಂದೇ ದಿನ ಮಾಡಿದರೆ ಒಳ್ಳೆಯದು. ಮಗಳನ್ನೂ ಕರೆದುಕೊಂಡು ಬನ್ನಿ, ತಂತಿ ಬದಲಿಸುವುದನ್ನು ಅವಳ ಕೈಯಿಂದಲೇ ಮಾಡಿಸೋಣ.